ಹಿಮ ಬೀಳದ ಚಳಿಗಾಲದಲ್ಲಿ ಕೇದಾರಕಂಠ ಹತ್ತುವವರಿಗೆ

ಕೇದಾರಕಂಠ ಬೆಟ್ಟಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಮೊಣಕಾಲುದ್ದ ಹಿಮ. ಎರಡನೇ ಸಲವೂ ಅದೇ ಡಿಸೆಂಬರ್ ಕೊನೆಯ ವಾರ, ಅದೇ ದಾರಿ. ಆದರೆ ಕಾಲಡಿಗೆ ಬರೀ ಧೂಳು, ಒಣಹುಲ್ಲು. ನನ್ನ ಮಣಿಕಟ್ಟು ಉಳುಕಿದ್ದು ಈ ಎರಡನೇ ಸಲ. ಹಿಮ ಇಲ್ಲ, ಇನ್ನೇನು ಸುಲಭ ಅಲ್ವಾ ಅಂದುಕೊಂಡೇ ಹೊರಟಿದ್ದೆವು.

ಜಾಗ ಇರುವುದು ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ. ಡೆಹ್ರಾಡೂನಿನಿಂದ, ನಡಿಗೆ ಶುರುವಾಗುವ ಸಾಂಕ್ರಿ ಎಂಬ ಹಳ್ಳಿಗೆ ಸುಮಾರು 200 ಕಿ.ಮೀ. ಘಾಟಿ ದಾರಿ, ಇಡೀ ದಿನ ಬೇಕು. ನಡುವೆ ಪುರೋಲ ಸಿಗುತ್ತದೆ, ಕೈಖರ್ಚಿನ ದುಡ್ಡು ಅಲ್ಲೇ ತೆಗೆದಿಟ್ಟುಕೊಳ್ಳಿ.

ಬಟ್ಟೆ ಕಟ್ಟುವಾಗ ಒಂದು ಲೆಕ್ಕ ಮಾಡಿ. ಸಾಂಕ್ರಿ ಸುಮಾರು 1,950 ಮೀಟರ್ ಎತ್ತರದಲ್ಲಿದೆ, ಬೆಟ್ಟದ ತುದಿ 3,800. ಸಾವಿರ ಮೀಟರ್ ಹತ್ತಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಸಾಂಕ್ರಿಯಲ್ಲಿ 14 ಡಿಗ್ರಿ ಇದ್ದರೆ ಅದೇ ಹೊತ್ತಿಗೆ ತುದಿಯಲ್ಲಿ ಎರಡು ಡಿಗ್ರಿ, ಮೇಲೆ ಗಾಳಿ ಬೇರೆ. ಮೋಡ ಇಲ್ಲದ ರಾತ್ರಿ ನೆಲದ ಬಿಸಿಯೆಲ್ಲ ಹಾರಿಹೋಗಿ ಚಳಿ ಇನ್ನೂ ಕಚ್ಚುತ್ತದೆ. ಹಗಲು ಅಂಗಿ ತೋಳು ಮಡಚಿ ನಡೆದವರು ರಾತ್ರಿ ಟೆಂಟಿನಲ್ಲಿ ಹಲ್ಲು ಕಟಕಟಿಸುತ್ತಾರೆ. ರಾತ್ರಿಗೆ ದಪ್ಪ ಜಾಕೆಟ್ ಬೇಕೇ ಬೇಕು. ನಡೆಯುವಾಗ ಮಾತ್ರ ಒಂದೇ ದಪ್ಪ ಬಟ್ಟೆಗಿಂತ ತೆಳುವಾದ ಮೂರು ಪದರ ಮೇಲು. ಹತ್ತುವಾಗ ತೆಗೆಯಬಹುದು, ನಿಂತಾಗ ಹಾಕಬಹುದು.

ಇನ್ನು ಮುಖ್ಯ ವಿಷಯ, ಮಂಜುಗಡ್ಡೆ. ಹಿಮ ದಪ್ಪಗೆ ಬಿದ್ದಿದ್ದರೆ ಬೂಟು ಒಳಗೆ ಇಳಿದು ಹಿಡಿತ ಸಿಗುತ್ತದೆ. ಬೆಚ್ಚಗಿನ ವರ್ಷದಲ್ಲಿ ಹಾಗಲ್ಲ. ಮಧ್ಯಾಹ್ನ ಒಂದಿಷ್ಟು ಹಿಮ ಕರಗಿ ಬಂಡೆಯ ಮೇಲೆ ನೀರಾಗಿ ಹರಿಯುತ್ತದೆ, ರಾತ್ರಿ ಅದೇ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಬಿಸಿಲು ಬೀಳದ ಉತ್ತರದ ಇಳಿಜಾರು, ಮರದ ನೆರಳು, ದಾರಿಗೆ ಅಡ್ಡ ಹರಿಯುವ ಸಣ್ಣ ತೊರೆ, ಈ ಮೂರು ಕಡೆ ಇದನ್ನು ಹುಡುಕಿ. ನಾನು ಸಾಗರದ ಕಡೆಯವಳು. ಮಳೆಗಾಲದ ಅಂಗಳದ ಹಾವಸೆ ಮೇಲೆ ಹೇಗೆ ನಡೆಯಬೇಕು ಅಂತ ಚಿಕ್ಕಂದಿನಿಂದ ಗೊತ್ತು. ಹೆಜ್ಜೆ ಚಿಕ್ಕದು, ಪಾದ ಪೂರ್ತಿ ಊರಬೇಕು, ಮೈ ಹಿಂದಕ್ಕೆ ವಾಲಬಾರದು. ಇಲ್ಲೂ ಅದೇ. ಆದರೆ ಹಾವಸೆ ಹಸಿರಾಗಿ ಕಾಣುತ್ತದೆ, ಈ ಮಂಜುಗಡ್ಡೆ ಕಾಣುವುದೇ ಇಲ್ಲ. ಬೂಟಿಗೆ ಸಿಕ್ಕಿಸುವ ಲೋಹದ ಮುಳ್ಳುಗಳು, ಅಂದರೆ ಮೈಕ್ರೋಸ್ಪೈಕ್, ಚೀಲದಲ್ಲಿ ಇರಲಿ. ‘ಈ ಸಲ ಬೇಡ’ ಅಂತ ಯಾರು ಹೇಳಿದರೂ ಸಾಂಕ್ರಿಯಲ್ಲಿ ಬಾಡಿಗೆಗೆ ತೆಗೆದುಕೊಳ್ಳಿ.

ಕತ್ತಲಲ್ಲಿ ಹೊರಡುವ ಪದ್ಧತಿಯನ್ನೂ ಇಂಥ ವರ್ಷಗಳಲ್ಲಿ ಬಿಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತುದಿಗೆ ಹೋಗುವ ದಿನ ಬೆಳಗಿನ ಜಾವ ಮೂರಕ್ಕೆಲ್ಲ ಎಬ್ಬಿಸುತ್ತಾರೆ. ಹಿಮ ಇದ್ದರೆ ಅದು ಸರಿ. ಬಿಸಿಲೇರಿದರೆ ಹಿಮ ಮೆತ್ತಗಾಗಿ ಕಾಲು ಹೂತುಹೋಗುತ್ತದೆ. ಹಿಮವೇ ಇಲ್ಲದಾಗ ಆ ಕಾರಣವೇ ಉಳಿಯುವುದಿಲ್ಲ. ಉಳಿಯುವುದು ಸೂರ್ಯೋದಯದ ಆಸೆ ಮತ್ತು ಹೆಡ್‌ಲ್ಯಾಂಪ್ ಬೆಳಕಿಗೆ ಕಾಣದ, ಜಾರುವ ಬಂಡೆ. ನಾನು ಬಿದ್ದಿದ್ದು ಆ ಕತ್ತಲಲ್ಲೇ, ಬೆಳಗಿನ ಜಾವ ನಾಲ್ಕೂವರೆಗೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳರ ಮೇಲೆ. ಆರೂವರೆಗೆ, ಬೆಳಕು ಹರಿಯುವಾಗ ಹೊರಡಿ. ಕೊನೆಯ ಕ್ಯಾಂಪಿನಿಂದ ಮೂರು ತಾಸು ಸಾಕು. ಹತ್ತರ ಹೊತ್ತಿಗೆ ತುದಿಯಲ್ಲಿದ್ದರೆ ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಶಿಖರಗಳು ಕಣ್ಣ ಮುಂದೆ. ಮಧ್ಯಾಹ್ನದ ಗಾಳಿ ಏಳುವ ಮೊದಲು ಇಳಿದುಬಿಡಿ.

ದಾರಿ ಒಣಗಿದೆ ಅಂತ ಒಂದು ದಿನ ಉಳಿಸಲು ಹೋಗಬೇಡಿ. ಹಿಮ ಕಡಿಮೆಯಾದರೂ ಎತ್ತರ ಕಡಿಮೆಯಾಗುವುದಿಲ್ಲ. ತಲೆನೋವು, ವಾಕರಿಕೆ ಶುರುವಾದರೆ ಮೇಲೆ ಹತ್ತಬೇಡಿ. ಜಾಸ್ತಿಯಾದರೆ ಇಳಿಯುವುದೇ ಮದ್ದು.

ನೀರಿನ ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಹಿಮ ಬಿದ್ದ ವರ್ಷ ಮೇಲಿನ ಕ್ಯಾಂಪುಗಳಲ್ಲಿ ಅದನ್ನೇ ಕರಗಿಸಿ ಅಡುಗೆ ಮಾಡುತ್ತಾರೆ. ಒಣ ವರ್ಷದಲ್ಲಿ ತೊರೆಯೂ ಸಣ್ಣಗಾಗಿರುತ್ತದೆ. ಬೆಳಗ್ಗೆ ಎರಡು ಲೀಟರ್ ತುಂಬಿಕೊಂಡೇ ಹೊರಡಿ, ರಾತ್ರಿ ಬಾಟಲಿಯನ್ನು ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಟುಕೊಳ್ಳಿ. ದಾರಿಯಲ್ಲಿ ಜೂಡಾ ಕಾ ತಾಲಾಬ್ ಎಂಬ ಕೆರೆ ಇದೆ. ಚಳಿ ಚೆನ್ನಾಗಿರುವ ವರ್ಷ ಅದು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ಜನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬೆಚ್ಚಗಿನ ವರ್ಷ ದಡದಲ್ಲೇ ನಿಲ್ಲಿ. ನನ್ನ ತಂಗಿ ಮಗಳು ‘ದೊಡ್ಡಮ್ಮ, ಒಂದೇ ಒಂದು ಹೆಜ್ಜೆ’ ಅಂದಳು. ನಾನು ಬಿಡಲಿಲ್ಲ. ಕಲ್ಲೊಂದನ್ನು ಎಸೆದು ತೋರಿಸಿದೆ, ಮೇಲಿನ ಪದರ ತೂತಾಗಿ ಒಳಗೆ ಹೋಯಿತು.

ಕಾಡೂ ಒಣಗಿರುತ್ತದೆ. ಬೆಂಕಿ ಹಾಕಬೇಡಿ, ಬೀಡಿ ಸಿಗರೇಟಿನ ತುಂಡು ಎಸೆಯಬೇಡಿ. ಇದು ಗೋವಿಂದ ರಾಷ್ಟ್ರೀಯ ಉದ್ಯಾನದ ಕಾಡು.

ಹೊರಡುವ ಮುಂಚೆ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಉತ್ತರಕಾಶಿ ಜಿಲ್ಲೆ ನೋಡಿ. ಇಲ್ಲಿ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಮೋಡಗಳು. ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತಾರೆ. 2024ರ ಜನವರಿಯಲ್ಲಿ ಅವು ಕೈಕೊಟ್ಟು ಕಾಶ್ಮೀರದ ಗುಲ್ಮಾರ್ಗಿನ ಸ್ಕೀ ಇಳಿಜಾರುಗಳೇ ಬೋಳಾಗಿದ್ದವು. ತಿಂಗಳ ಕೊನೆಗೆ ಹಿಮ ಸುರಿಯಿತು. ಒಣ ಹವೆ ಎರಡೇ ದಿನದಲ್ಲಿ ತಿರುಗಬಹುದು. ಅದಕ್ಕೆ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೇ ರೈಲಿನ ಟಿಕೆಟ್ ಮಾಡಿಸಿ.

ಹಿಮ ಇಲ್ಲ ಅಂತ ಹೋಗುವುದನ್ನೇ ಬಿಡುವವರಿಗೆ ಒಂದು ಮಾತು. ನಮ್ಮ ಗೈಡ್ ಮನೆಯಲ್ಲಿ ಸೇಬಿನ ಗಿಡಗಳಿವೆ. ಸೇಬಿಗೆ ಚಳಿ ಬೇಕು, ಹಿಮದ ನೀರೂ ಬೇಕು. ಆ ವರ್ಷ ಅವರಿಗೆ ತೋಟದ ಚಿಂತೆ ಒಂದು ಕಡೆ, ಬುಕಿಂಗ್ ರದ್ದು ಮಾಡಿದವರ ಫೋನು ಇನ್ನೊಂದು ಕಡೆ. ತುದಿಯ ಹಂಬಲ ಇಲ್ಲದಿದ್ದರೆ ಅದೇ ಸಾಂಕ್ರಿಯಿಂದ ತಾಲುಕಾ ಎಂಬ ಹಳ್ಳಿ ದಾಟಿ ಹರ್ ಕಿ ದೂನ್ ಕಣಿವೆಗೆ ನಡೆಯಿರಿ. ಓಸ್ಲಾ ಹಳ್ಳಿಯ ಮರದ ಮನೆಗಳನ್ನು ನೋಡಿ, ಒಂದು ರಾತ್ರಿ ಹಳ್ಳಿಯವರ ಮನೆಯಲ್ಲೇ ದುಡ್ಡು ಕೊಟ್ಟು ಉಳಿಯಿರಿ.