ವಿಪಿಎನ್‌ಗೆ ದುಡ್ಡು ಕೊಡುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿ

ಹೋದ ತಿಂಗಳು ಅಕ್ಕನ ಮಗಳು ಊರಿಗೆ ಬಂದಿದ್ದಳು. ಬೆಂಗಳೂರಿನ ಪಿಜಿಯೊಂದರಲ್ಲಿ ಇದ್ದುಕೊಂಡು ಕೆಲಸಕ್ಕೆ ಹೋಗುತ್ತಾಳೆ. "ಮಾಮ, ಪಿಜಿ ವೈಫೈ ಮೇಲೆ ನಂಗೆ ನಂಬಿಕೆ ಇಲ್ಲ. ಅದಕ್ಕೇ ವಿಪಿಎನ್ ಹಾಕ್ಕೊಂಡಿದೀನಿ. ಈಗ ಭಯ ಇಲ್ಲ ಅಲ್ವಾ?" ಎಂದು ಫೋನ್ ತೋರಿಸಿದಳು. ಪರದೆಯ ಮೇಲ್ತುದಿಯಲ್ಲಿ ಪುಟ್ಟ ಕೀಲಿಯ ಗುರುತು ಇತ್ತು. ಆ್ಯಪ್ ತೆರೆದರೆ ದೊಡ್ಡ ಹಸಿರು ಬಟನ್. ಅದೊಂದು ಪುಕ್ಕಟೆ ಆ್ಯಪ್.

ಅವಳ ಫೋನಿನ ವೈಫೈ ಆಫ್ ಮಾಡಿಸಿ, ಮೊಬೈಲ್ ಡೇಟಾದಲ್ಲಿ ಐಪಿಲೀಕ್ ಡಾಟ್ ನೆಟ್ ಎಂಬ ಪುಟ ತೆರೆದೆ. ಇಂಟರ್ನೆಟ್‌ನಲ್ಲಿ ಫೋನಿಗೆ ಸಿಗುವ ನಂಬರಿನ ವಿಳಾಸಕ್ಕೆ ಐಪಿ ಅನ್ನುತ್ತಾರೆ. ಹಳೆಯ ಬಗೆಯದು ಐಪಿವಿ4, ಹೊಸ ಬಗೆಯದು ಐಪಿವಿ6. ಮೊದಲ ಸಾಲಿನಲ್ಲಿ ಐಪಿವಿ4 ವಿಳಾಸ, ಪಕ್ಕದಲ್ಲಿ ನೆದರ್‌ಲ್ಯಾಂಡ್ಸ್‌ನ ಬಾವುಟ. ಅಲ್ಲಿಯವರೆಗೆ ಎಲ್ಲ ಸರಿ. ಅದರ ಕೆಳಗಿನ ಸಾಲಿನಲ್ಲಿ ಐಪಿವಿ6 ವಿಳಾಸ. ಅದರ ಪಕ್ಕದಲ್ಲಿ ಇದ್ದದ್ದು ನಮ್ಮದೇ ಬಾವುಟ, ಅವಳದೇ ಮೊಬೈಲ್ ಕಂಪನಿಯ ಹೆಸರು! ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆಗೆದಿಟ್ಟ ಹಾಗಾಗಿತ್ತು. ಆರು ತಿಂಗಳಿಂದ ಅವಳು ಆ ಹಸಿರು ಬಟನ್ ನಂಬಿಕೊಂಡಿದ್ದಳು.

ಈ ಪರೀಕ್ಷೆಗೆ ಹಿಡಿದದ್ದು ಎರಡೇ ನಿಮಿಷ. ನೀವೂ ಮಾಡಬಹುದು. ಅದಕ್ಕೆ ಮೊದಲು ವಿಪಿಎನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ಗೊತ್ತಿರಬೇಕು.

ಲಕೋಟೆಯೊಳಗಿನ ಲಕೋಟೆ

ಹಿಂದೆ ಇಂಟರ್ನೆಟ್ ಅಂದರೆ ಪೋಸ್ಟ್ ಕಾರ್ಡ್ ಇದ್ದಂತೆ. ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಈಗ ಹೆಚ್ಚಿನ ಜಾಲತಾಣಗಳು ಎಚ್‌ಟಿಟಿಪಿಎಸ್‌ನಲ್ಲಿ ತೆರೆಯುತ್ತವೆ. ಅಂದರೆ ಅಂಟಿಸಿದ ಲಕೋಟೆ. ಒಳಗಿನ ಪತ್ರ ಕಾಣುವುದಿಲ್ಲ, ಮೇಲಿನ ವಿಳಾಸ ಮಾತ್ರ ಕಾಣುತ್ತದೆ. ನೀವು ಬ್ಯಾಂಕಿಗೆ ಹೋದಿರೋ, ಆಸ್ಪತ್ರೆಯ ಸೈಟಿಗೆ ಹೋದಿರೋ ಅನ್ನುವುದು ನಿಮಗೆ ಇಂಟರ್ನೆಟ್ ಕೊಡುವ ಕಂಪನಿಗೆ ತಿಳಿಯುತ್ತದೆ. ಅಲ್ಲಿ ಏನು ಬರೆದಿರಿ ಅನ್ನುವುದು ತಿಳಿಯುವುದಿಲ್ಲ.

ವಿಪಿಎನ್ ಆ ಲಕೋಟೆಯನ್ನು ಇನ್ನೊಂದು ದೊಡ್ಡ ಲಕೋಟೆಯೊಳಗೆ ಹಾಕಿ ತನ್ನ ಊರಿಗೆ ತರಿಸಿಕೊಳ್ಳುತ್ತದೆ. ಅಲ್ಲಿ ಹೊರಗಿನದನ್ನು ಒಡೆದು, ಒಳಗಿನದನ್ನು ಮತ್ತೆ ಪೋಸ್ಟ್ ಮಾಡುತ್ತದೆ. ನಿಮ್ಮ ಇಂಟರ್ನೆಟ್ ಕಂಪನಿಗೆ ಕಾಣುವುದು ವಿಪಿಎನ್‌ನ ವಿಳಾಸ ಮಾತ್ರ. ಜಾಲತಾಣಕ್ಕೂ ಪತ್ರ ಬಂದ ಊರು ವಿಪಿಎನ್‌ನದು ಅಂತಲೇ ಕಾಣುತ್ತದೆ.

ಆದರೆ ನೀವು ಯಾರಿಗೆ ಬರೆದಿರಿ ಅನ್ನುವುದು ಈಗ ವಿಪಿಎನ್ ಕಂಪನಿಗೆ ಗೊತ್ತು. ಇಂಟರ್ನೆಟ್ ಕಂಪನಿಯ ಮೇಲೆ ಇಟ್ಟಿದ್ದ ನಂಬಿಕೆಯನ್ನು ತೆಗೆದು ಇನ್ನೊಬ್ಬರ ಕೈಗೆ ಕೊಟ್ಟಿರಿ, ಅಷ್ಟೇ. ಆ ಇನ್ನೊಬ್ಬರು ಯಾರು ಅನ್ನುವುದೇ ಇಲ್ಲಿ ಮುಖ್ಯ. ಸ್ಪೀಡ್, ಆಫರ್, ಎಷ್ಟು ದೇಶದಲ್ಲಿ ಸರ್ವರ್ ಇದೆ ಅನ್ನುವುದೆಲ್ಲ ಆಮೇಲಿನ ಮಾತು.

ಗೂಗಲ್‌ಗೆ ಲಾಗಿನ್ ಆಗಿಯೇ ಹುಡುಕುತ್ತಿದ್ದರೆ ನೀವು ಯಾರು ಅಂತ ಗೂಗಲ್‌ಗೆ ಗೊತ್ತೇ ಇರುತ್ತದೆ. ವಿಪಿಎನ್ ಇದ್ದರೂ ಅದು ಬದಲಾಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಆಮಂತ್ರಣ ಅಂತ ಬಂದ ಎಪಿಕೆ ಫೈಲನ್ನು ಒತ್ತಿದರೆ ಯಾವ ವಿಪಿಎನ್ ಕೂಡ ಕಾಪಾಡುವುದಿಲ್ಲ. ಒಟಿಪಿ ಹೇಳಿಬಿಟ್ಟರೂ ಅಷ್ಟೇ.

ನಿಮಗೆ ಯಾಕೆ ಬೇಕು?

ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಪಿಜಿ, ಹೋಟೆಲ್, ರೈಲ್ವೆ ಸ್ಟೇಷನ್ ವೈಫೈ ಜಾಸ್ತಿ ಬಳಸುತ್ತೀರಾ? ವಿಪಿಎನ್ ಉಪಯೋಗಕ್ಕೆ ಬರುತ್ತದೆ. ನೀವು ಯಾವ ಸೈಟಿಗೆ ಹೋಗುತ್ತೀರಿ ಅನ್ನುವ ಲೆಕ್ಕ ಇಂಟರ್ನೆಟ್ ಕಂಪನಿಯ ಹತ್ತಿರ ಇರುವುದು ಬೇಡವಾ? ಅದಕ್ಕೂ ಆಗುತ್ತದೆ. ಬರೀ ಬ್ಯಾಂಕ್ ಆ್ಯಪ್, ಯುಪಿಐ, ಅದೂ ಸ್ವಂತ ಮೊಬೈಲ್ ಡೇಟಾದಲ್ಲಿ ಅಂದರೆ ಸುಮ್ನೆ ದುಡ್ಡು ಖರ್ಚು ಮಾಡಬೇಡಿ. ಕೆಲವು ಬ್ಯಾಂಕ್ ಆ್ಯಪ್‌ಗಳು, ಸರ್ಕಾರಿ ಸೈಟುಗಳು ವಿದೇಶದ ಐಪಿ ಕಂಡರೆ ತೆರೆಯುವುದೂ ಇಲ್ಲ.

ಭಾರತದಲ್ಲಿ ವಿಪಿಎನ್ ಬಳಸುವುದು ಅಪರಾಧವಲ್ಲ. ಆದರೆ ಜಮ್ಮು–ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಆಗಾಗ ತಾತ್ಕಾಲಿಕ ನಿಷೇಧದ ಆದೇಶ ಬಂದಿದೆ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳವರು ದುಬೈ, ಅಬುಧಾಬಿಯಲ್ಲಿ ಇದ್ದಾರೆ. ಅವರು ಎಚ್ಚರವಾಗಿರಬೇಕು. ಯುಎಇಯ 2021ರ ಸೈಬರ್ ಕಾನೂನಿನ ಪ್ರಕಾರ, ಅಪರಾಧ ಮಾಡಲು ಅಥವಾ ಅದನ್ನು ಮುಚ್ಚಿಡಲು ಬೇರೆ ಐಪಿ ವಿಳಾಸ ಬಳಸಿದರೆ ಜೈಲು ಶಿಕ್ಷೆ ಆಗಬಹುದು. ದಂಡವೂ 5 ಲಕ್ಷದಿಂದ 20 ಲಕ್ಷ ದಿರ್ಹಂವರೆಗೆ ಇದೆ. ಊರಿಗೆ ವಿಡಿಯೋ ಕಾಲ್ ಮಾಡಲು ಯಾರೋ ಹೇಳಿದ ವಿಪಿಎನ್ ಹಾಕಿಕೊಳ್ಳುವ ಮೊದಲು, ಅಲ್ಲಿ ಅನುಮತಿ ಇರುವ ಆ್ಯಪ್ ಯಾವುದು ಅಂತ ಕೇಳಿ ತಿಳಿದುಕೊಳ್ಳಿ.

ಕಂಪನಿಯ ಪೂರ್ವಾಪರ ವಿಚಾರಿಸಿ

ಸಂಬಂಧ ಮಾಡುವಾಗ ಹುಡುಗನ ಮನೆಯವರು ಹೇಳಿದ್ದನ್ನಷ್ಟೇ ಕೇಳಿ ಸುಮ್ಮನಾಗುತ್ತೇವೆಯೇ? ನಾಲ್ಕು ಕಡೆ ವಿಚಾರಿಸುತ್ತೇವೆ. ಇಲ್ಲೂ ಹಾಗೇ ಮಾಡಬೇಕು.

ಎಲ್ಲ ವಿಪಿಎನ್ ಕಂಪನಿಗಳೂ "ನಾವು ಲಾಗ್ ಇಡುವುದಿಲ್ಲ" ಅನ್ನುತ್ತವೆ. ಲಾಗ್ ಅಂದರೆ ಯಾರು, ಯಾವಾಗ, ಎಲ್ಲಿಂದ ಬಂದು ಏನು ನೋಡಿದರು ಅನ್ನುವ ದಾಖಲೆ. ಆ ಮಾತು ನಿಜವೋ ಅಲ್ಲವೋ ಗೊತ್ತಾಗುವುದು ಪೊಲೀಸರು ಬಾಗಿಲಿಗೆ ಬಂದಾಗ. 2017ರಲ್ಲಿ ಅಮೆರಿಕದಲ್ಲಿ ಒಬ್ಬ ಮಹಿಳೆಗೆ ಆನ್‌ಲೈನ್‌ನಲ್ಲಿ ಕಿರುಕುಳ ಕೊಟ್ಟವನ ಕೇಸು ನಡೆಯಿತು. ಲಾಗ್ ಇಡುವುದಿಲ್ಲ ಅಂದಿದ್ದ ಪ್ಯೂರ್‌ವಿಪಿಎನ್‌ನ ದಾಖಲೆಗಳಿಂದಲೇ, ಒಬ್ಬನೇ ಗ್ರಾಹಕ ಮನೆಯಿಂದಲೂ ಆಫೀಸಿನಿಂದಲೂ ಬಂದಿದ್ದಾನೆ ಅನ್ನುವುದು ಎಫ್‌ಬಿಐಗೆ ಸಿಕ್ಕಿತು. ಅವನು ಸಿಕ್ಕಿಬಿದ್ದದ್ದು ಒಳ್ಳೆಯದೇ ಆಯಿತು. ಆದರೆ ಕಂಪನಿ ಗ್ರಾಹಕರಿಗೆ ಹೇಳಿದ್ದೇ ಒಂದು, ಇಟ್ಟುಕೊಂಡಿದ್ದೇ ಒಂದು. ಆಮೇಲೆ ಅದು ತನ್ನ ನೀತಿ ಬದಲಿಸಿ, ಹೊರಗಿನವರಿಂದ ಆಡಿಟ್ ಮಾಡಿಸಿತು. 2020ರಲ್ಲಂತೂ ಯುಎಫ್‌ಒ ವಿಪಿಎನ್ ಸೇರಿದಂತೆ ಹಾಂಗ್‌ಕಾಂಗ್ ಮೂಲದ ಏಳು ಪುಕ್ಕಟೆ ಆ್ಯಪ್‌ಗಳ ದಾಖಲೆ ಇಂಟರ್ನೆಟ್‌ನಲ್ಲಿ ಬೀಗವಿಲ್ಲದೆ ಬಿದ್ದಿತ್ತು. ಅವೂ ಲಾಗ್ ಇಡುವುದಿಲ್ಲ ಅಂದವೇ.

ಮಾತು ಉಳಿಸಿಕೊಂಡವರೂ ಇದ್ದಾರೆ. 2023ರ ಏಪ್ರಿಲ್ 18ರಂದು ಸ್ವೀಡನ್ ಪೊಲೀಸರು ಸರ್ಚ್ ವಾರಂಟ್ ಹಿಡಿದು ಮುಲ್‌ವಾಡ್ ಕಂಪನಿಯ ಕಚೇರಿಗೆ ಬಂದರು. ಅವರು ಕೇಳಿದ ಮಾಹಿತಿ ಅಲ್ಲಿ ಇರಲೇ ಇಲ್ಲ, ಬರಿಗೈಯಲ್ಲಿ ವಾಪಸಾದರು. ಟರ್ಕಿಯಲ್ಲಿ ರಷ್ಯಾದ ರಾಯಭಾರಿಯ ಕೊಲೆಯ ತನಿಖೆಗಾಗಿ ಎಕ್ಸ್‌ಪ್ರೆಸ್‌ವಿಪಿಎನ್‌ನ ಸರ್ವರನ್ನು ವಶಪಡಿಸಿಕೊಂಡಾಗಲೂ ಅದರಲ್ಲಿ ಉಪಯೋಗಕ್ಕೆ ಬರುವ ದಾಖಲೆ ಸಿಗಲಿಲ್ಲ. ನನ್ನ ಪ್ರಕಾರ ಇಂಥ ಒಂದು ಘಟನೆ ನೂರು ಜಾಹೀರಾತಿಗಿಂತ ಮೇಲು. ಇಂಥದ್ದು ಸಿಗದಿದ್ದರೆ ಆಡಿಟ್ ವರದಿ ನೋಡಿ. ಯಾರು ಮಾಡಿದ್ದು, ಯಾವ ವರ್ಷ, ಬರೀ ಆ್ಯಪ್ ನೋಡಿದರೋ ಸರ್ವರನ್ನೂ ನೋಡಿದರೋ, ಈ ಮೂರನ್ನು ಹುಡುಕಿ.

ಮಾಲೀಕರು ಯಾರು ಅಂತಲೂ ನೋಡಿ. 2021ರಲ್ಲಿ ಕೇಪ್ ಟೆಕ್ನಾಲಜೀಸ್ ಅನ್ನುವ ಕಂಪನಿ ಎಕ್ಸ್‌ಪ್ರೆಸ್‌ವಿಪಿಎನ್ ಅನ್ನು 93.6 ಕೋಟಿ ಡಾಲರ್‌ಗೆ ಕೊಂಡಿತು. ಸೈಬರ್‌ಘೋಸ್ಟ್, ಪ್ರೈವೇಟ್ ಇಂಟರ್ನೆಟ್ ಆಕ್ಸೆಸ್ ಕೂಡ ಅದರದ್ದೇ. ವಿಪಿಎನ್‌ಗಳ ರಿವ್ಯೂ ಬರೆಯುವ ವಿಪಿಎನ್‌ಮೆಂಟರ್ ತಾಣವನ್ನೂ ಅದೇ ವರ್ಷ ಕೊಂಡಿತು. ಮಾರುವವರೂ ಅವರೇ, ಮಾರ್ಕು ಹಾಕುವವರೂ ಅವರೇ. ಹಾಗಾಗಿ "ಈ ವರ್ಷದ ಟಾಪ್ 10" ಪಟ್ಟಿ ನೋಡಿ ಕಾರ್ಡ್ ನಂಬರ್ ಹಾಕಬೇಡಿ.

ಪಟ್ಟಿಯಲ್ಲಿ 'ಇಂಡಿಯಾ' ಇದ್ದರೂ

2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಒಂದು ಆದೇಶ ಹೊರಡಿಸಿತು. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್, ಕೊಟ್ಟ ಐಪಿ, ಬಳಸುವ ಉದ್ದೇಶ ಎಲ್ಲವನ್ನೂ 5 ವರ್ಷ ಇಟ್ಟುಕೊಳ್ಳಬೇಕು ಅನ್ನುವುದು ಅದರಲ್ಲಿತ್ತು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್, ಪ್ರೋಟಾನ್ ಮುಂತಾದವು ಇದನ್ನು ಒಪ್ಪದೆ, ಭಾರತದಲ್ಲಿದ್ದ ಸರ್ವರುಗಳನ್ನು ಅದೇ ವರ್ಷ ತೆಗೆದವು.

ಈಗಲೂ ಕೆಲವು ಆ್ಯಪ್‌ಗಳಲ್ಲಿ 'ಇಂಡಿಯಾ' ಅಂತ ಕಾಣುತ್ತದೆ. ಅದು ಹೆಚ್ಚಾಗಿ ವರ್ಚುವಲ್ ಸರ್ವರ್. ವಿಳಾಸ ಭಾರತದ್ದು, ಯಂತ್ರ ಇರುವುದು ಸಿಂಗಪುರದಲ್ಲೋ ಬ್ರಿಟನ್ನಿನಲ್ಲೋ. ಹಾಸನದಿಂದ ಮೈಸೂರಿನ ಸೈಟು ನೋಡಲು ನಿಮ್ಮ ಡೇಟಾ ಸಮುದ್ರ ದಾಟಿ ಹೋಗಿ ಬರುತ್ತದೆ. ನಿಧಾನ ಆಗದೆ ಇನ್ನೇನು?

ಪುಕ್ಕಟೆ ಆ್ಯಪ್‌ಗಳು

2016ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯವರೂ ಜೊತೆಗಿದ್ದ ಸಂಶೋಧಕರ ತಂಡ 283 ಆಂಡ್ರಾಯ್ಡ್ ವಿಪಿಎನ್ ಆ್ಯಪ್‌ಗಳನ್ನು ಬಿಚ್ಚಿ ನೋಡಿತು. ನೂರಕ್ಕೆ 38ರಲ್ಲಿ ಮಾಲ್‌ವೇರ್‌ನ, ಅಂದರೆ ಹಾನಿ ಮಾಡುವ ಪ್ರೋಗ್ರಾಂನ ಸುಳಿವು ಇತ್ತು. 18ರಲ್ಲಿ ಎನ್‌ಕ್ರಿಪ್ಷನ್ನೇ ಇರಲಿಲ್ಲ, ಅಂದರೆ ಹೊರಗಿನ ಲಕೋಟೆಯನ್ನು ಅಂಟಿಸಿಯೇ ಇರಲಿಲ್ಲ. 84ರಲ್ಲಿ ಐಪಿವಿ6 ಸೋರುತ್ತಿತ್ತು. ನಮ್ಮ ಹುಡುಗಿಯ ಫೋನಿನಲ್ಲಿ ಆದದ್ದು ಇದೇ. ನಮ್ಮ ದೇಶದ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಐಪಿವಿ6 ಬಳಕೆ ತುಂಬಾ ಇರುವುದರಿಂದ ನಾವು ಇದನ್ನು ಬಿಡದೆ ನೋಡಬೇಕು.

ಸರ್ವರ್ ಬಾಡಿಗೆ, ಸಂಬಳ ಎಲ್ಲ ಎಲ್ಲಿಂದಲೋ ಬರಲೇಬೇಕಲ್ಲ? ಹೋಲಾ ಕಂಪನಿ ಪುಕ್ಕಟೆ ಬಳಕೆದಾರರ ಇಂಟರ್ನೆಟ್ ಸಂಪರ್ಕವನ್ನೇ ಬೇರೆಯವರಿಗೆ ಮಾರುತ್ತಿದ್ದುದು 2015ರಲ್ಲಿ ಬಯಲಾಯಿತು. ಫೇಸ್‌ಬುಕ್‌ನ ಒನಾವೊ ಪ್ರೊಟೆಕ್ಟ್, ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಅನ್ನುವುದನ್ನು ಕಂಪನಿಗೆ ತಿಳಿಸುತ್ತಿತ್ತು. 2018ರಲ್ಲಿ ಅದು ಆ್ಯಪಲ್ ಸ್ಟೋರ್‌ನಿಂದ ಹೊರಬಿತ್ತು. ದುಡ್ಡು ಕೊಡಲು ಆಗುವುದೇ ಇಲ್ಲ ಅನ್ನುವವರಿಗೆ ಪ್ರೋಟಾನ್‌ನ ಪುಕ್ಕಟೆ ಪ್ಲಾನ್ ಇದೆ. ಅದರ ಖರ್ಚು ದುಡ್ಡು ಕೊಡುವ ಗ್ರಾಹಕರಿಂದ ಬರುತ್ತದೆ. ಡೇಟಾ ಮಿತಿ ಇಲ್ಲ, ಜಾಹೀರಾತೂ ಇಲ್ಲ. ಒಂದೇ ಫೋನಿಗೆ ಮಾತ್ರ.

ಸೋರಿಕೆ ಪರೀಕ್ಷೆ

ಮೊದಲು ವಿಪಿಎನ್ ಆಫ್ ಮಾಡಿ ಐಪಿಲೀಕ್ ಡಾಟ್ ನೆಟ್ ತೆರೆಯಿರಿ. ಕಾಣುವ ಐಪಿವಿ4, ಐಪಿವಿ6 ವಿಳಾಸ ಮತ್ತು ಡಿಎನ್‌ಎಸ್ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಡಿ. ಈಗ ವಿಪಿಎನ್ ಆನ್ ಮಾಡಿ ಅದೇ ಪುಟವನ್ನು ರಿಫ್ರೆಶ್ ಮಾಡಿ. ಹಳೆಯ ವಿಳಾಸ ಒಂದಾದರೂ ಕಂಡರೆ, ಡಿಎನ್‌ಎಸ್ ಪಟ್ಟಿಯಲ್ಲಿ ನಿಮ್ಮ ಇಂಟರ್ನೆಟ್ ಕಂಪನಿಯ ಹೆಸರು ಇದ್ದರೆ, ಆ ವಿಪಿಎನ್ ಸೋರುತ್ತಿದೆ. ಡಿಎನ್‌ಎಸ್ ಅಂದರೆ ಸೈಟಿನ ಹೆಸರು ಕೊಟ್ಟು ಅದರ ನಂಬರ್ ಕೇಳುವ ವ್ಯವಸ್ಥೆ. ಆ ಪ್ರಶ್ನೆ ಹಳೆಯ ದಾರಿಯಲ್ಲೇ ಹೋದರೆ ಎಲ್ಲಿಗೆ ಹೋಗುತ್ತೀರಿ ಅಂತ ಗೊತ್ತಾಗಿಬಿಡುತ್ತದೆ. ಅದೇ ಪುಟದ ವೆಬ್‌ಆರ್‌ಟಿಸಿ ಸಾಲನ್ನೂ ನೋಡಿ. ಬ್ರೌಸರ್‌ನಲ್ಲೇ ವಿಡಿಯೋ ಕಾಲ್ ಮಾಡಲು ಇರುವ ಈ ವ್ಯವಸ್ಥೆಯಿಂದಲೂ ಹಳೆಯ ವಿಳಾಸ ಸೋರಬಹುದು.

ವೈಫೈಯಲ್ಲಿ ಒಮ್ಮೆ, ಮೊಬೈಲ್ ಡೇಟಾದಲ್ಲಿ ಒಮ್ಮೆ, ಎರಡೂ ಸಲ ಮಾಡಲೇಬೇಕು. ವೈಫೈಯಲ್ಲಿ ಪಾಸಾದ ಆ್ಯಪ್ ಮೊಬೈಲ್ ಡೇಟಾದಲ್ಲಿ ಫೇಲಾಗಬಹುದು.

ಇನ್ನು ವಿಪಿಎನ್ ಮಧ್ಯದಲ್ಲಿ ಕಡಿದುಹೋದರೆ? ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ವಿಪಿಎನ್ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿದರೆ 'ಆಲ್ವೇಸ್-ಆನ್ ವಿಪಿಎನ್' ಮತ್ತು 'ಬ್ಲಾಕ್ ಕನೆಕ್ಷನ್ಸ್ ವಿದೌಟ್ ವಿಪಿಎನ್' ಎಂಬ ಎರಡು ಸ್ವಿಚ್ ಸಿಗುತ್ತವೆ. ಎರಡನ್ನೂ ಆನ್ ಮಾಡಿ, ಆ್ಯಪ್‌ನೊಳಗೆ ಡಿಸ್‌ಕನೆಕ್ಟ್ ಒತ್ತಿ, ಯಾವುದಾದರೂ ಪುಟ ತೆರೆಯಿರಿ. ತೆರೆಯಲಿಲ್ಲ ಅಂದರೆ ಸರಿಯಾಗಿ ಕೆಲಸ ಮಾಡುತ್ತಿದೆ.

ಸ್ಪೀಡ್ ಅಳೆಯುವುದು

ಫೋನನ್ನು ರೂಟರ್ ಪಕ್ಕ ಇಟ್ಟು, ಬೇರೆಯವರ ಡೌನ್‌ಲೋಡ್ ನಿಲ್ಲಿಸಿ, ವಿಪಿಎನ್ ಇಲ್ಲದೆ ಮೂರು ಸಲ ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ಹತ್ತಿರದ ಸರ್ವರ್ ಹಾಕಿ ಮೂರು ಸಲ. ದೂರದ್ದು ಹಾಕಿ ಮೂರು ಸಲ. ಬೆಳಗ್ಗೆ ಒಮ್ಮೆ, ರಾತ್ರಿ 9ಕ್ಕೆ ಎಲ್ಲರೂ ವಿಡಿಯೋ ನೋಡುವ ಹೊತ್ತಿಗೆ ಇನ್ನೊಮ್ಮೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಒಂದೇ ಸಲ ನೋಡಿದ ಅಂಕಿಯನ್ನು ನಂಬಬೇಡಿ.

ಡೌನ್‌ಲೋಡ್‌ಗಿಂತ ನಾನು ಪಿಂಗ್ ಕಡೆ, ಅಂದರೆ ಒಂದು ಸಂದೇಶ ಸರ್ವರಿಗೆ ಹೋಗಿ ಬರಲು ಹಿಡಿಯುವ ಸಮಯದ ಕಡೆ ಜಾಸ್ತಿ ಗಮನ ಕೊಡುತ್ತೇನೆ. ಗಾಜಿನ ಕೇಬಲ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಬೆಂಗಳೂರಿನಿಂದ ಸಿಂಗಪುರ ಸುಮಾರು 3,200 ಕಿ.ಮೀ. ಹೋಗಿ ಬರಲು 32 ಮಿಲಿಸೆಕೆಂಡ್ ಬೇಕೇ ಬೇಕು. ಅಮೆರಿಕದ ಪಶ್ಚಿಮ ಕರಾವಳಿಗೆ 140. ಕೇಬಲ್ ನೆಟ್ಟಗೆ ಹೋಗುವುದಿಲ್ಲವಾದ್ದರಿಂದ ನಿಮಗೆ ಇದಕ್ಕಿಂತ ಜಾಸ್ತಿಯೇ ಕಾಣುತ್ತದೆ. ಎಷ್ಟು ದುಡ್ಡು ಕೊಟ್ಟರೂ ಇದು ಕಡಿಮೆಯಾಗುವುದಿಲ್ಲ. ಆದ್ದರಿಂದ ದಿನದ ಬಳಕೆಗೆ ಹತ್ತಿರದ ದೇಶದ ಸರ್ವರ್ ಆರಿಸಿ.

100 ಎಂಬಿಪಿಎಸ್ ಇದ್ದದ್ದು 70ಕ್ಕೆ ಇಳಿದರೆ ಗಾಬರಿ ಬೇಡ. ಎಚ್‌ಡಿ ಸಿನಿಮಾಕ್ಕೆ 5 ಎಂಬಿಪಿಎಸ್ ಸಾಕು. ವಿಪಿಎನ್ ಹಾಕಿದಾಗ ಮಾತ್ರ ರಾತ್ರಿ ಹೊತ್ತು 10 ಎಂಬಿಪಿಎಸ್‌ಗೆ ಬಿದ್ದರೆ ಆ ಕಂಪನಿಯ ಸರ್ವರುಗಳಲ್ಲಿ ಜನ ತುಂಬಿದ್ದಾರೆ ಅಂತ ಅರ್ಥ. ವಿಪಿಎನ್ ಸಂಪರ್ಕ ಕಟ್ಟುವ ವಿಧಾನಕ್ಕೆ ಪ್ರೊಟೊಕಾಲ್ ಅನ್ನುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ವೈರ್‌ಗಾರ್ಡ್ ಪ್ರೊಟೊಕಾಲ್ ಇದ್ದರೆ ಅದನ್ನೇ ಹಾಕಿ ಮತ್ತೆ ಅಳೆಯಿರಿ. ಸುಮಾರು 4,000 ಸಾಲಿನ ಚಿಕ್ಕ ಪ್ರೋಗ್ರಾಂ ಅದು, 2020ರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೇ ಸೇರಿತು. ಬ್ಯಾಟರಿಯನ್ನೂ ಕಡಿಮೆ ತಿನ್ನುತ್ತದೆ. ಕಾಲೇಜು, ಆಫೀಸು ನೆಟ್‌ವರ್ಕ್‌ಗಳಲ್ಲಿ ಅದು ಸಿಕ್ಕಿಕೊಂಡರೆ ಓಪನ್‌ವಿಪಿಎನ್ ಎಂಬ ಇನ್ನೊಂದು ಪ್ರೊಟೊಕಾಲ್‌ನ ಟಿಸಿಪಿ ಆಯ್ಕೆ ಇದೆ.

ದುಡ್ಡು ಕಟ್ಟುವಾಗ

ಎರಡು ಮೂರು ವರ್ಷದ ಪ್ಲಾನ್ ಅಗ್ಗ ಅನ್ನಿಸುತ್ತದೆ. ಮೊದಲು ಒಂದು ತಿಂಗಳಿಗಷ್ಟೇ ಕಟ್ಟಿ. ರಿನ್ಯೂ ಆಗುವಾಗಿನ ರೇಟನ್ನು ಸಣ್ಣಕ್ಷರದಲ್ಲಿ ಹಾಕಿರುತ್ತಾರೆ, ಹುಡುಕಿ ಓದಿ. ಆಟೋಪೇಯನ್ನು ಅವತ್ತೇ ನಿಲ್ಲಿಸಿ. ದುಡ್ಡು ವಾಪಸ್ ಕೊಡುವ ಗಡುವು ಇದ್ದರೆ ಅದಕ್ಕೆ ಮೂರು ದಿನ ಮೊದಲೇ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಅಕ್ಕನ ಮಗಳು ಹಳೆಯ ಆ್ಯಪ್ ತೆಗೆದಳು. ಸೆಟ್ಟಿಂಗ್ಸ್‌ನ ವಿಪಿಎನ್ ಪಟ್ಟಿಯಲ್ಲಿ ಅದರ ಹೆಸರು ಉಳಿದಿಲ್ಲ ಅಂತ ಇಬ್ಬರೂ ನೋಡಿಕೊಂಡೆವು. ಬ್ಯಾಂಕ್ ಕೆಲಸವನ್ನು ಈಗ ಮೊಬೈಲ್ ಡೇಟಾದಲ್ಲಿ ಮಾಡುತ್ತಾಳೆ, ಪಿಜಿ ವೈಫೈ ಹಿಡಿದಾಗ ಹೊಸ ವಿಪಿಎನ್. ವಾಪಸ್ ಹೋದ ರಾತ್ರಿ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಐಪಿವಿ4 ಸಾಲಿನಲ್ಲಿ ಸಿಂಗಪುರ. ಐಪಿವಿ6 ಸಾಲು ಖಾಲಿ.