ಒಳಗೆ ಬರುವಾಗಿನ ತೂಕ: ಸಿಸ್ಟಮ್ ಕಾಲ್ ಆರ್ಗ್ಯುಮೆಂಟುಗಳನ್ನು ಹಿಡಿದ ನನ್ನ ಅನುಭವ

ಗಂಗಾವತಿ, ಕಾರಟಗಿ ಸುತ್ತಲಿನ ಅಕ್ಕಿ ಗಿರಣಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸುಗ್ಗಿಯಲ್ಲಿ ಈ ಕೆಲಸಕ್ಕೆ ಹಗಲು ರಾತ್ರಿ ಇರುವುದಿಲ್ಲ. ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ನಡೆಯುವ ದಿನಗಳಲ್ಲಿ ಮಾತ್ರ ಕೊಂಚ ಬಿಡುವು ಸಿಗುತ್ತದೆ. ಅಂಥ ಒಂದು ಬಿಡುವಿನಲ್ಲಿ, ಪ್ರೋಗ್ರಾಮೊಂದು ಕರ್ನಲ್ಲನ್ನು, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನು, ಏನೇನು ಕೇಳುತ್ತದೆ ಎಂಬುದನ್ನು ಕರ್ನಲ್ಲಿನ ಒಳಗೇ ನಿಂತು ನೋಡಬೇಕೆನಿಸಿ, ಎಕ್ಸ್‌ವಿ6 ಅನ್ನು ಕೈಗೆತ್ತಿಕೊಂಡೆ. 1975ರ ಯುನಿಕ್ಸ್ ಆರನೆಯ ಆವೃತ್ತಿಯ ಮಾದರಿಯಲ್ಲಿ ಎಮ್‌ಐಟಿಯವರು ಪಾಠಕ್ಕಾಗಿ ಬರೆದ ಈ ಪುಟ್ಟ ಕರ್ನಲ್ ಈಗ ರಿಸ್ಕ್-ವಿ ಪ್ರೊಸೆಸರಿಗಾಗಿ ಇದ್ದು, ಕ್ಯೂಎಮು ಎಮ್ಯುಲೇಟರಿನ ನೆರವಿನಿಂದ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೂ ಸಲೀಸಾಗಿ ಓಡುತ್ತದೆ. ಪ್ರೋಗ್ರಾಮು ಕರ್ನಲ್ಲಿನಿಂದ ಕೆಲಸ ಮಾಡಿಸಿಕೊಳ್ಳಲು ಕೊಡುವ ಕರೆಯೇ ಸಿಸ್ಟಮ್ ಕಾಲ್, ಇನ್ನು ಮುಂದೆ ಬರೀ ಕಾಲು; ಇದರಲ್ಲಿ ಅಂಥವು 21 ಮಾತ್ರ. ಆ ಪಾಠದ ಒಂದು ಅಭ್ಯಾಸದಲ್ಲಿ ಕಾಲಿನ ಹೆಸರನ್ನೂ ಅದು ಮರಳಿಸಿದ ಬೆಲೆಯನ್ನೂ ಮುದ್ರಿಸಿದರೆ ಸಾಕು. ನನಗೆ ಬೇಕಾಗಿದ್ದುದು ಆರ್ಗ್ಯುಮೆಂಟುಗಳು, ಅಂದರೆ ಕರೆಯುವಾಗ ಜೊತೆಗೆ ಕೊಡುವ ಬೆಲೆಗಳು.

ದಾರಿ ನೇರವಾಗಿಯೇ ಕಂಡಿತು. ಪ್ರೋಗ್ರಾಮು ಕಾಲಿನ ಸಂಖ್ಯೆಯನ್ನು ಪ್ರೊಸೆಸರಿನೊಳಗಿನ ಪುಟ್ಟ ಖಾನೆಯಾದ ಎ7 ರಿಜಿಸ್ಟರಿನಲ್ಲೂ ಆರ್ಗ್ಯುಮೆಂಟುಗಳನ್ನು ಎ0ಯಿಂದ ಮೊದಲಾಗುವ ರಿಜಿಸ್ಟರುಗಳಲ್ಲೂ ಇಟ್ಟು ಈಕಾಲ್ ಎಂಬ ಸೂಚನೆಯನ್ನು ನಡೆಸುತ್ತದೆ. ಕರ್ನಲ್ ಆ ರಿಜಿಸ್ಟರುಗಳನ್ನೆಲ್ಲ ಟ್ರ್ಯಾಪ್‌ಫ್ರೇಮ್ ಎಂಬ ಮೆಮೊರಿಯ ಜಾಗದಲ್ಲಿ ಬರೆದಿಟ್ಟುಕೊಂಡು, ಎ7ರ ಸಂಖ್ಯೆಗೆ ತಕ್ಕ ಫಂಕ್ಷನ್ನನ್ನು ಕರೆಯುತ್ತದೆ. ಕರೆದು ಬಂದ ಮೇಲೆ ಟ್ರ್ಯಾಪ್‌ಫ್ರೇಮಿನ ಎ0, ಎ1, ಎ2ಗಳನ್ನು ಮುದ್ರಿಸುವ ಒಂದು ಸಾಲನ್ನು ಸೇರಿಸಿದೆ. ಕಮಾಂಡುಗಳನ್ನು ತೆಗೆದುಕೊಳ್ಳುವ ಶೆಲ್ ತನ್ನ ಡಾಲರ್ ಚಿಹ್ನೆಯನ್ನು ಬರೆದಾಗ ರೈಟ್ ಕಾಲಿನ ಮೊದಲ ಆರ್ಗ್ಯುಮೆಂಟ್, ಅಂದರೆ ಯಾವ ಫೈಲಿಗೆ ಬರೆಯಬೇಕೆಂಬ ಸಂಖ್ಯೆ, 2 ಎಂದು ಬಂತು. ಎರರ್ ಔಟ್‌ಪುಟ್ಟಿನ ಸಂಖ್ಯೆ 2 ತಾನೇ, ಸರಿಯಾಗಿದೆ ಎಂದುಕೊಂಡೆ. ಪಠ್ಯ ಮುದ್ರಿಸುವ ಪ್ರಿಂಟ್‌ಎಫ್ ಬಳಸುವ ಪ್ರೋಗ್ರಾಮುಗಳಲ್ಲಿ ಮೊದಲ ಆರ್ಗ್ಯುಮೆಂಟ್ 1 ಎಂದು ಬಂತು; ಸಾಮಾನ್ಯ ಔಟ್‌ಪುಟ್ಟಿನ ಸಂಖ್ಯೆ 1, ಅದೂ ಸರಿಯೇ. ಎರಡು ದಿನ ನಾನು ಈ ನೆಮ್ಮದಿಯಲ್ಲೇ ಇದ್ದೆ.

ಆಮೇಲೊಮ್ಮೆ, ಕೊಟ್ಟ ಪದವನ್ನೇ ಮತ್ತೆ ಬರೆಯುವ ಎಕೋ ಕಮಾಂಡಿಗೆ 'ಭತ್ತ' ಎಂಬ ಪದವನ್ನು ರೋಮನ್ ಲಿಪಿಯ ಆರು ಅಕ್ಷರಗಳಲ್ಲಿ ಕೊಟ್ಟಾಗ, ರೈಟ್ ಕಾಲು 6ನೆಯ ಫೈಲಿಗೆ ಬರೆಯುತ್ತಿದೆ ಎಂಬ ಸಾಲು ಬಂದಿತು. ಅಲ್ಲಿ 6ನೆಯ ಫೈಲು ತೆರೆದೇ ಇರಲಿಲ್ಲ. ಕಾಲು ಮುಗಿದ ಕೂಡಲೇ ಕರ್ನಲ್ ಅದರ ಫಲಿತವನ್ನು ಅದೇ ಎ0 ಜಾಗದಲ್ಲಿ ಬರೆಯುತ್ತದೆ. ಹಾಗಾಗಿ ನಾನು ಮೊದಲ ಆರ್ಗ್ಯುಮೆಂಟ್ ಎಂದು ನೋಡುತ್ತಿದ್ದುದು ಬರೆದ ಬೈಟುಗಳ ಲೆಕ್ಕವಾಗಿತ್ತು. ಶೆಲ್ಲಿನ ಡಾಲರ್ ಚಿಹ್ನೆಯೂ ಅದರ ಮುಂದಿನ ಖಾಲಿ ಜಾಗವೂ ಸೇರಿ ಎರಡೇ ಬೈಟು. ಎಕ್ಸ್‌ವಿ6ರ ಪ್ರಿಂಟ್‌ಎಫ್ ಅಂತೂ ಒಂದೊಂದೇ ಅಕ್ಷರಕ್ಕೆ ಒಂದೊಂದು ರೈಟ್ ಕರೆಯುವುದರಿಂದ ಫಲಿತ ಯಾವಾಗಲೂ 1. ತಪ್ಪು ಉತ್ತರವು ಎರಡೂ ಕಡೆ ಸರಿಯುತ್ತರದ ವೇಷದಲ್ಲೇ ಬಂದಿತ್ತು.

ಗಾಡಿಗಳನ್ನು ತೂಗುವ ವೇ ಬ್ರಿಡ್ಜನ್ನು ನಮ್ಮ ಕಡೆ ಕಾಟಾ ಎನ್ನುತ್ತಾರೆ. ಭತ್ತದ ಗಾಡಿಯನ್ನು ಅಲ್ಲಿ ಒಳಗೆ ಬರುವಾಗ ಒಮ್ಮೆ, ಖಾಲಿಯಾಗಿ ಹೊರಡುವಾಗ ಇನ್ನೊಮ್ಮೆ ತೂಗಲೇಬೇಕು. ಹೊರಡುವ ಗಾಡಿಯನ್ನಷ್ಟೇ ತೂಗಿದವನಿಗೆ ಭತ್ತ ಎಷ್ಟು ಬಂತೆಂಬುದು ತಿಳಿಯುವುದಿಲ್ಲ. ದಿನವೂ ಅದರ ಪಕ್ಕದಲ್ಲೇ ಕೂರುವ ನಾನು ಮಾಡಿದ್ದು ಅದನ್ನೇ. ಆರು ರಿಜಿಸ್ಟರುಗಳ ಬೆಲೆಗಳನ್ನು ಫಂಕ್ಷನ್ ಕರೆಯುವ ಮೊದಲೇ ಒಂದು ಪುಟ್ಟ ಅರೇಯಲ್ಲಿ ಎತ್ತಿಟ್ಟುಕೊಂಡ ಮೇಲೆ ಅಂಕಿಗಳು ನೇರವಾದವು.

ಆದರೆ ಅಂಕಿಗಳು ಸರಿಯಾದ ಮಾತ್ರಕ್ಕೆ ಆರ್ಗ್ಯುಮೆಂಟ್ ಸಿಕ್ಕಂತಲ್ಲ. ಓಪನ್ ಕಾಲಿನ ಎ0ಯಲ್ಲಿರುವುದು ಫೈಲಿನ ಹೆಸರಲ್ಲ, ಹೆಸರು ಇರುವ ವಿಳಾಸ. ಆ ವಿಳಾಸವಾದರೂ ಕರೆದ ಪ್ರೋಗ್ರಾಮಿನ ಪೇಜ್ ಟೇಬಲ್ಲಿನಲ್ಲಿ, ಅಂದರೆ ಅದರ ವಿಳಾಸಗಳು ನಿಜವಾದ ಮೆಮೊರಿಯಲ್ಲಿ ಎಲ್ಲಿವೆ ಎಂಬ ಪಟ್ಟಿಯಲ್ಲಿ, ಮಾತ್ರ ಅರ್ಥವುಳ್ಳದ್ದು. ಕಾಪಿಇನ್‌ಎಸ್‌ಟಿಆರ್ ಎಂಬ ಫಂಕ್ಷನ್ನಿನಿಂದ ಅದನ್ನು ಕರ್ನಲ್ಲಿನೊಳಗೆ ನಕಲಿಸಿಕೊಳ್ಳಬೇಕು. ಇದನ್ನು ಕಾಲು ಮುಗಿದ ಮೇಲೆ ಮಾಡಿದರೂ ಓಪನ್ ವಿಷಯದಲ್ಲಿ ನಡೆಯುತ್ತದೆ. ಓಡುತ್ತಿರುವ ಪ್ರೋಗ್ರಾಮಿನ ಜಾಗದಲ್ಲಿ ಹೊಸದನ್ನು ಕೂರಿಸುವ ಎಕ್ಸೆಕ್ ವಿಷಯದಲ್ಲಿ ನಡೆಯುವುದಿಲ್ಲ. ಎಕ್ಸೆಕ್ ಯಶಸ್ವಿಯಾದರೆ ಹಳೆಯ ಪ್ರೋಗ್ರಾಮಿನ ಪೇಜ್ ಟೇಬಲ್ಲೇ ಅಳಿದು ಹೊಸದು ಕೂತಿರುತ್ತದೆ. ನಾನು ಜೋಪಾನವಾಗಿ ಎತ್ತಿಟ್ಟುಕೊಂಡ ವಿಳಾಸ ಕೈಯಲ್ಲಿರುತ್ತದೆ, ಆ ವಿಳಾಸದ ಮನೆ ಇರುವುದಿಲ್ಲ. ರೀಡ್ ಇದಕ್ಕೆ ಪೂರ್ತಿ ತಿರುಗುಮುರುಗು: ಓದಿದ್ದನ್ನು ತುಂಬುವ ಅದರ ಬಫರಿನಲ್ಲಿ ಮೊದಲು ಇರುವುದು ಹಳೆಯ ಕಸ, ಓದಿದ ಮಾತು ಬರುವುದು ಆಮೇಲೆ, ಅದೂ ಫಲಿತ ಹೇಳಿದಷ್ಟು ಬೈಟುಗಳವರೆಗೆ ಮಾತ್ರ. ಆದ್ದರಿಂದ ಪ್ರತಿ ಕಾಲಿನ ಪ್ರತಿ ಆರ್ಗ್ಯುಮೆಂಟಿಗೂ ಅಂಕಿಯೋ, ಒಳಹೋಗುವಾಗ ಓದುವ ಪಠ್ಯವೋ, ಹೊರಬರುವಾಗ ನೋಡುವ ಬಫರೋ ಎಂದು ಒಂದಕ್ಷರದ ಗುರುತಿಟ್ಟು 21 ಸಾಲುಗಳ ಕೋಷ್ಟಕವನ್ನು ಕೈಯಿಂದಲೇ ಬರೆದೆ. ಇಡೀ ಕೆಲಸದಲ್ಲಿ ಬೇಸರ ತರಿಸಿದ ಭಾಗ ಇದು; ಉಪಯೋಗಕ್ಕೆ ಬಂದ ಭಾಗವೂ ಇದೇ. ಫಂಕ್ಷನ್ನುಗಳು ತಾತ್ಕಾಲಿಕ ಬೆಲೆಗಳನ್ನಿಡುವ ಕರ್ನಲ್ ಸ್ಟ್ಯಾಕ್ ಒಂದೇ ಪುಟ, ಅಂದರೆ 4096 ಬೈಟು ಆದ್ದರಿಂದ ಪಠ್ಯವನ್ನು 32 ಬೈಟಿಗೆ ಮೊಟಕುಗೊಳಿಸಿದೆ.

ಮುದ್ರಣವನ್ನೂ ಕಾಲಿನ ಮೊದಲು, ಕಾಲು ಮುಗಿದ ಮೇಲೆ ಎಂದು ಎರಡಾಗಿ ಒಡೆಯಬೇಕಾಯಿತು. ಪ್ರೋಗ್ರಾಮನ್ನು ಮುಗಿಸುವ ಎಕ್ಸಿಟ್ ಎಂದೂ ಮರಳುವುದಿಲ್ಲವಾದ್ದರಿಂದ ನನ್ನ ಮೊದಲ ಕೋಡಿನಲ್ಲಿ ಅದರ ಸಾಲೇ ಬರುತ್ತಿರಲಿಲ್ಲ. ಕೀಲಿ ಒತ್ತುವುದನ್ನೇ ಕಾಯುತ್ತ ಕೂತ ರೀಡ್ ಕೂಡ ಮುಗಿಯುವ ತನಕ ಕಾಣುತ್ತಿರಲಿಲ್ಲ. ಇನ್ನೊಂದು ಸಣ್ಣ ಎಡವಟ್ಟೆಂದರೆ, ಪ್ರೊಸೆಸ್, ಅಂದರೆ ಓಡುತ್ತಿದ್ದ ಪ್ರೋಗ್ರಾಮು, ಮುಗಿದಾಗ ಅದರ ಕಾಲುಗಳನ್ನು ಮುದ್ರಿಸಬೇಕೆಂಬ ಟ್ರೇಸ್ ಗುರುತನ್ನು ಅಳಿಸಲು ಮರೆತಿದ್ದುದರಿಂದ ಅದೇ ಜಾಗಕ್ಕೆ ಬಂದ ಸಂಬಂಧವಿಲ್ಲದ ಪ್ರೊಸೆಸ್ಸಿನ ಕಾಲುಗಳೂ ಪರದೆಯ ಮೇಲೆ ಸುರಿಯುತ್ತಿದ್ದವು.

ಇಷ್ಟಾದ ಮೇಲೆ, ಇದೇ ಕೆಲಸ ಮಾಡುವ ಲಿನಕ್ಸಿನ ಎಸ್‌ಟ್ರೇಸ್ ಅನ್ನು ನೋಡುವ ನನ್ನ ಕಣ್ಣೇ ಬೇರೆಯಾಯಿತು. ಅದು, ಒಂದು ಪ್ರೊಸೆಸ್ ಇನ್ನೊಂದನ್ನು ತಡೆದು ನೋಡಲು ಬಿಡುವ ಪಿಟ್ರೇಸ್ ಎಂಬ ಕಾಲಿನ ಮೂಲಕ, ಪ್ರತಿ ಕಾಲಿಗೂ ಪ್ರೊಸೆಸ್ಸನ್ನು ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ನಿಲ್ಲಿಸುತ್ತದೆ. ರಿಸ್ಕ್-ವಿ ಲಿನಕ್ಸಿನಲ್ಲಿ ಮೂಲ ಎ0ಯನ್ನು ಕಾದಿಡಲೆಂದೇ ಬೇರೊಂದು ಜಾಗವಿದೆ. 64 ಬಿಟ್ಟಿನ ಇಂಟೆಲ್ ಮಾದರಿಯಲ್ಲಿ ಅಳಿಸಿಹೋಗುವುದು ಆರ್ಗ್ಯುಮೆಂಟಲ್ಲ, ಕಾಲಿನ ಸಂಖ್ಯೆ. ಫಲಿತವೂ ಸಂಖ್ಯೆಯೂ ಆರ್‌ಎಎಕ್ಸ್ ರಿಜಿಸ್ಟರಿನಲ್ಲೇ ಇರುವುದರಿಂದ ಅಲ್ಲಿಯೂ ಮೂಲದ ಪ್ರತಿಯನ್ನು ಬೇರೆಯಾಗಿ ಇಡುತ್ತಾರೆ.

ಆ ವರ್ಷದ ಸುಗ್ಗಿಯಲ್ಲಿ ಒಂದು ಗಿರಣಿಯ ಕಾಟಾ ಪ್ರೋಗ್ರಾಮು ಕರೆಂಟು ಕಣ್ಣುಮುಚ್ಚಿ ಬಿಟ್ಟ ಮೇಲೆ 'ಸಂಪರ್ಕವಿಲ್ಲ' ಎಂದಷ್ಟೇ ಹೇಳಿ ಕೂತುಬಿಟ್ಟಿತು. ಹೊರಗೆ ಗಾಡಿಗಳು ಸಾಲುಗಟ್ಟಿದ್ದವು. ಪ್ರೋಗ್ರಾಮನ್ನು ಎಸ್‌ಟ್ರೇಸ್ ಕೆಳಗೆ ಮತ್ತೆ ಶುರು ಮಾಡಿ, ಲಿನಕ್ಸಿನಲ್ಲಿ ಫೈಲು ತೆರೆಯುವ ಓಪನ್‌ಅಟ್ ಕಾಲಿನ ಸಾಲುಗಳನ್ನು ಮಾತ್ರ ಸೋಸಿ ನೋಡಿದೆ. ಎರಡನೆಯ ಆರ್ಗ್ಯುಮೆಂಟಿನಲ್ಲಿ ಟಿಟಿವೈ ಯುಎಸ್‌ಬಿ 0 ಎಂಬ ಸಾಧನದ ಹೆಸರಿತ್ತು, ಫಲಿತ 'ಅಂಥ ಫೈಲಿಲ್ಲ'. ಕರೆಂಟು ಹೋಗಿಬಂದಾಗ, ಮೊದಲಿನಿಂದ ಓಡುತ್ತಿದ್ದ ಪ್ರೋಗ್ರಾಮು ಆ ಹೆಸರನ್ನು ಹಿಡಿದೇ ಕೂತಿದ್ದುದರಿಂದ, ಕಾಟಾವನ್ನು ಕಂಪ್ಯೂಟರಿಗೆ ಜೋಡಿಸುವ ಸೀರಿಯಲ್ ಅಡಾಪ್ಟರು ಟಿಟಿವೈ ಯುಎಸ್‌ಬಿ 1 ಆಗಿ ಎದ್ದಿತ್ತು. ಅಡಾಪ್ಟರನ್ನು ಕಿತ್ತು ಮತ್ತೆ ಚುಚ್ಚಿದೆ, ಗಾಡಿಗಳು ಕದಲಿದವು. ಹೆಸರು ಮತ್ತೆ ಬದಲಾಗದಂತೆ, ಸಾಧನಗಳಿಗೆ ಹೆಸರಿಡುವ ಲಿನಕ್ಸಿನ ಯುಡೆವ್‌ಗೆ ಒಂದು ನಿಯಮವನ್ನು ರಾತ್ರಿ, ಕಾಟಾ ಖಾಲಿಯಾದ ಮೇಲೆ ಬರೆದೆ.