ಅಡ್ವಾನ್ಸ್ ಕೊಡುವ ಮುಂಚೆ ಕೇಳಬೇಕಾದದ್ದು: ದಾವಣಗೆರೆಗೆ ಬಂದ ನಮ್ಮ ಅನುಭವ

2025ರ ಮೇ ಕೊನೆಯಲ್ಲಿ ನಾವು ಭರಮಸಾಗರದ ಹತ್ತಿರದ ನಮ್ಮ ಹಳ್ಳಿ ಬಿಟ್ಟು ದಾವಣಗೆರೆಗೆ ಬಂದೆವು. ಮಗಳು ಪಿಯುಸಿ ಸೇರುವವಳಿದ್ದಳು, ಮಗ ಎಂಟನೇ ಕ್ಲಾಸು. ದಿನಾ ಬಸ್ಸಿನಲ್ಲಿ ಓಡಾಡಿಸಿದರೆ ಮಕ್ಕಳು ಓದುವುದು ಯಾವಾಗ ಅಂತ ಮನೆಯವರೂ ನಾನೂ ಯೋಚನೆ ಮಾಡಿ ಗಟ್ಟಿ ಮನಸ್ಸು ಮಾಡಿದೆವು. ಕೈಯಲ್ಲಿ ಹೆಚ್ಚು ದಿನ ಇರಲಿಲ್ಲ. ನಿಟ್ಟುವಳ್ಳಿ, ವಿನೋಬನಗರ, ಕೆಟಿಜೆ ನಗರ, ವಿದ್ಯಾನಗರ ಎಲ್ಲ ಸುತ್ತಿ ನಾಲ್ಕು ದಿನದಲ್ಲಿ ಹದಿನಾಲ್ಕು ಮನೆ ನೋಡಿದೆವು.

ಎಲ್ಲಾ ಕಡೆ ನಾನು ಕೇಳಿದ್ದು ಅದೇ ನಾಲ್ಕು ಮಾತು. ಬಾಡಿಗೆ ಎಷ್ಟು? ಅಡ್ವಾನ್ಸ್ ಎಷ್ಟು? ನೀರು ಬರುತ್ತಾ? ಶಾಲೆ ಹತ್ತಿರಾನಾ? ಕೇಳಬೇಕಾದ ಬೇರೆ ಮಾತುಗಳೂ ಇದ್ದವು. ಅವು ಒಂದೊಂದಾಗಿ ಗೊತ್ತಾಗಿದ್ದು ದುಡ್ಡು ಕೊಟ್ಟು, ಸಾಮಾನು ಇಳಿಸಿದ ಮೇಲೆ. ಈಗ ನಮ್ಮ ಊರಿನ ಕಡೆಯಿಂದ ಯಾರಾದರೂ ಮನೆ ಹುಡುಕಲು ಬಂದರೆ ಮೊದಲು ನಮ್ಮ ಮನೆಗೆ ಕರೆಯುತ್ತೇನೆ. ಕೂರಿಸಿ, ಚಹಾ ಕೊಟ್ಟು, ಇದನ್ನೆಲ್ಲ ಹೇಳುತ್ತೇನೆ.

ಮನೆ ಪತ್ರದಿಂದ ಶುರು ಮಾಡುತ್ತೇನೆ. ಬಾಡಿಗೆ ಕರಾರನ್ನು ಎಲ್ಲರೂ 11 ತಿಂಗಳಿಗೇ ಮಾಡುತ್ತಾರೆ. ಯಾಕೆ ಅಂತ ನನಗೆ ಮೊದಲು ಗೊತ್ತಿರಲಿಲ್ಲ. ಒಂದು ವರ್ಷ ದಾಟುವ ಕರಾರಾದರೆ ಅದನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಬೇಕು. 1908ರ ನೋಂದಣಿ ಕಾಯ್ದೆ ಹಾಗೆ ಹೇಳುತ್ತದೆ. 11 ತಿಂಗಳಿಗೆ ಬರೆದರೆ ಆ ಖರ್ಚು, ಓಡಾಟ ಇರುವುದಿಲ್ಲ. ಅದು ಸರಿ. ಆದರೆ ನಮಗೆ ಒಬ್ಬರು, "ಬಾಡಿಗೆ ಬ್ಯಾಡ್ರಿ, ಲೀಸಿಗೆ ಹಾಕ್ಕೊಳ್ರಿ, ಮೂರು ವರ್ಷ ಆರಾಮ ಇರ್ರಿ" ಅಂದರು. ಒಂದೇ ಸಲ ಲಕ್ಷಗಟ್ಟಲೆ ದುಡ್ಡು ಕೊಡುವುದು, ಬಿಡುವಾಗ ವಾಪಸ್ ಪಡೆಯುವುದು. ತಿಂಗಳ ಬಾಡಿಗೆ ಇಲ್ಲವಲ್ಲ ಅಂತ ಮನಸ್ಸು ಅಲ್ಲಾಡಿತು. ನಮ್ಮ ಮನೆಯವರ ಗೆಳೆಯರೊಬ್ಬರು ತಡೆದರು. ಮೂರು ವರ್ಷದ ಲೀಸು ಅಂದರೆ ನೋಂದಣಿ ಆಗಲೇಬೇಕು, ಬರೀ ಸ್ಟ್ಯಾಂಪ್ ಪೇಪರಿನಲ್ಲಿ ಸಹಿ ಹಾಕಿ ಅಷ್ಟು ದುಡ್ಡು ಕೊಡಬೇಡಿ ಅಂದರು. ಆ ಮನೆ ಮೇಲೆ ಸಾಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ತೆಗೆಸಿ ನೋಡಿ ಅಂತಲೂ ಹೇಳಿದರು. ತೆಗೆಸಿದೆವು. ಮನೆ ಮೇಲೆ ಅಡಮಾನ ಇತ್ತು. ಅಲ್ಲಿಗೆ ಆ ಮಾತು ಬಿಟ್ಟೆವು. ಆ ಪತ್ರ ತೆಗೆಸಲು ಆದ ಖರ್ಚು ತೀರಾ ಕಡಿಮೆ. ಲೀಸಿಗೆ ಮನೆ ಹಿಡಿಯುವವರು ಇದೊಂದನ್ನು ಮಾತ್ರ ತಪ್ಪಿಸಬೇಡಿ.

ಕೊನೆಗೆ ನಿಟ್ಟುವಳ್ಳಿಯಲ್ಲಿ ಬಾಡಿಗೆ ಮನೆ ಸಿಕ್ಕಿತು. ಮೇಲಿನ ಮನೆಯಲ್ಲಿ ಮಾಲೀಕರು, ಕೆಳಗೆ ನಾವು. ಒಳ್ಳೆಯ ಜನ. ಆದರೂ ಮೊದಲ ಪೆಟ್ಟು ಕರೆಂಟಿನಲ್ಲಿ ಬಿತ್ತು.

ಹಳ್ಳಿಯಲ್ಲಿ ನಮಗೆ ಸರ್ಕಾರದ ಉಚಿತ ಕರೆಂಟು ಯೋಜನೆ ಗೃಹಜ್ಯೋತಿ ಬರುತ್ತಿತ್ತು. ಇಲ್ಲಿಯೂ ತಾನಾಗಿಯೇ ಬರುತ್ತದೆ ಅಂದುಕೊಂಡಿದ್ದೆವು. ಅದು ಹಾಗಲ್ಲ. ಈ ಯೋಜನೆಯಲ್ಲಿ ಮನೆಯ ಆರ್‌ಆರ್ ನಂಬರಿಗೆ, ಅಂದರೆ ಮೀಟರಿನ ಖಾತೆಗೆ, ಒಬ್ಬರ ಆಧಾರ್ ಜೋಡಿಸಿರುತ್ತಾರೆ. ಮನೆ ಬದಲಾಯಿಸಿದರೆ ಹಳೇ ಮನೆಯ ಜೋಡಣೆ ಬಿಡಿಸಬೇಕು, ಆಮೇಲೆ ಹೊಸ ಮನೆಗೆ ಅರ್ಜಿ ಹಾಕಬೇಕು. ಎರಡೂ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಆಗುತ್ತದೆ. ನಮ್ಮದನ್ನು ಬಿಡಿಸಿದೆವು. ಹೊಸ ಮನೆಗೆ ಅರ್ಜಿ ಹಾಕಲು ಹೋದರೆ ಆಗಲಿಲ್ಲ. ನಮಗಿಂತ ಮುಂಚೆ ಅಲ್ಲಿದ್ದವರು ತಮ್ಮ ಆಧಾರ್ ಬಿಡಿಸದೆ ಹೋಗಿದ್ದರು. ಮಾಲೀಕರು ಅವರ ನಂಬರು ಹುಡುಕಿ ಫೋನು ಮಾಡಿದರು. ಅವರು ಶಿವಮೊಗ್ಗದಲ್ಲಿದ್ದರು. "ಇವತ್ತು ಮಾಡ್ತೀನ್ರಿ, ನಾಳೆ ಮಾಡ್ತೀನ್ರಿ" ಅನ್ನುತ್ತಾ ಎರಡು ತಿಂಗಳು ಕಳೆಯಿತು. ಆ ಎರಡು ತಿಂಗಳ ಬಿಲ್ಲು ನಾವೇ ಕಟ್ಟಿದೆವು.

ಹಾಗಾಗಿ ಮನೆ ನೋಡಲು ಹೋದಾಗಲೇ ಒಂದು ಹಳೇ ಕರೆಂಟು ಬಿಲ್ಲು ಕೇಳಿ ಇಸ್ಕೊಳ್ಳಿ. ಬಾಕಿ ಇದೆಯಾ, ಗೃಹಜ್ಯೋತಿ ಯಾರ ಹೆಸರಿಗಿದೆ, ಮೀಟರು ಮನೆಯದಾ ಅಂಗಡಿಯದಾ, ಮೂರನ್ನೂ ವಿಚಾರಿಸಿ. ಅಂಗಡಿ ಮೀಟರಿಗೆ ಈ ಯೋಜನೆ ಇಲ್ಲ. 200 ಯೂನಿಟ್ ಪೂರ್ತಿ ಉಚಿತ ಅಂತ ತುಂಬಾ ಜನ ತಿಳಿದಿದ್ದಾರೆ, ಅದೂ ಸರಿಯಲ್ಲ. 200 ಅನ್ನುವುದು ಮೇಲಿನ ಮಿತಿ. ಮನೆ ಮನೆಗೂ ಅದರ ಒಳಗೆ ಬೇರೆ ಬೇರೆ ಲೆಕ್ಕ ಇದೆ. ನಿಮ್ಮ ಲೆಕ್ಕ ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು. ದಾವಣಗೆರೆ ಬಿಸಿಲಿಗೆ ಕೂಲರ್ ಹಾಕಿಕೊಂಡು ಮಲಗುವವರು ಮಾರ್ಚ್, ಏಪ್ರಿಲ್‌ನಲ್ಲಿ ಮೀಟರಿನ ಮೇಲೆ ಒಂದು ಕಣ್ಣಿಟ್ಟಿರಿ.

ಇನ್ನು ಕಸ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ನಮ್ಮ ಹಳ್ಳಿ ಮನೆಯಲ್ಲಿ ತಿಪ್ಪೆ ಇತ್ತು. ಸಿಪ್ಪೆ, ಸಗಣಿ, ಬೂದಿ ಎಲ್ಲ ಅಲ್ಲಿಗೆ. ಇಲ್ಲಿ ಬಂದ ಎರಡನೇ ದಿನ ಬೆಳಿಗ್ಗೆ ಕಸದ ಗಾಡಿ ಬಂತು. ನಾನು ಒಂದೇ ಬಕೆಟ್ಟು ಹಿಡಿದು ಓಡಿದೆ. ಗಾಡಿ ಜೊತೆಗಿದ್ದ ಪೌರಕಾರ್ಮಿಕ ಹೆಂಗಸು ಒಳಗೆ ನೋಡಿ, "ಹಿಂಗೆ ಕಲಸಿ ಕೊಡಬ್ಯಾಡ್ರಿ ಅಕ್ಕಾ. ಹಸೀದು ಬ್ಯಾರೆ, ಒಣಾದು ಬ್ಯಾರೆ ಮಾಡಿಕೊಡ್ರಿ. ಇದ್ರಾಗ ಗಾಜು ಇದ್ರೆ ನಮ್ಮ ಕೈಗೇ ಚುಚ್ಚೋದು" ಅಂದರು. ಅವರ ಬೆರಳಿಗೆ ಬಟ್ಟೆ ಸುತ್ತಿತ್ತು. ನನಗೆ ಬಹಳ ಬೇಜಾರಾಯಿತು. ಅವತ್ತೇ ಹೋಗಿ ಇನ್ನೊಂದು ಬುಟ್ಟಿ ತಂದೆ.

ನಾವು ಬಂದಾಗ ಇದ್ದ 2016ರ ಘನತ್ಯಾಜ್ಯ ನಿಯಮದಲ್ಲೇ ಇದು ಇತ್ತು. ಹಸಿ ಕಸ, ಒಣ ಕಸ, ಮನೆಯ ಅಪಾಯದ ಕಸ ಅಂತ ಮೂರು ಬೇರೆ ಮಾಡಿ ಕೊಡಬೇಕಿತ್ತು; 2026ರ ಏಪ್ರಿಲ್‌ನಿಂದ ಬಂದ ಹೊಸ ನಿಯಮದಲ್ಲಿ ಪ್ಯಾಡು, ಡೈಪರಿನಂಥ ಕಸವೂ ಬೇರೆಯಾಗಿ ನಾಲ್ಕು. ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ನೀಲಿ. ಹಾಲಿನ ಕವರು ತೊಳೆದು ಒಣಗಿಸಿ ಒಣ ಕಸಕ್ಕೆ ಹಾಕುತ್ತೇನೆ. ಹೆಂಗಸರ ಪ್ಯಾಡು, ಮಕ್ಕಳ ಡೈಪರು ಪೇಪರಿನಲ್ಲಿ ಸುತ್ತಿ ಬೇರೆ ಕೊಡಬೇಕು. ಹಳೇ ಬಲ್ಬು, ಸೆಲ್ಲು, ಮುಗಿದ ಔಷಧಿ ಒಂದು ಡಬ್ಬಿಯಲ್ಲಿ ಹಾಕಿಡುತ್ತೇನೆ. ಮೊದಲು ಒಂದು ವಾರ ಕಷ್ಟ ಅನಿಸುತ್ತದೆ, ಆಮೇಲೆ ಕೈ ತಾನೇ ಆ ಬುಟ್ಟಿಗೆ ಹೋಗುತ್ತದೆ.

ಕಸ ಸುಡುವುದು ಕೂಡ ನಿಯಮದಲ್ಲಿ ತಪ್ಪು. ನಮ್ಮ ಮನೆ ಮುಂದೆ ಹೊಂಗೆ ಮರ ಇದೆ. ಹಳ್ಳಿಯ ರೂಢಿಯಲ್ಲಿ ನಾನು ಒಂದು ಸಂಜೆ ಉದುರಿದ ಎಲೆ ಗುಡಿಸಿ ಬೆಂಕಿ ಹಚ್ಚಿದೆ. ಪಕ್ಕದ ಮನೆಯ ಅಜ್ಜಿಗೆ ಉಬ್ಬಸ. ಅವರ ಸೊಸೆ ಬಂದು ಮೆಲ್ಲಗೆ ಹೇಳಿದಳು, ಜಗಳ ಆಡಲಿಲ್ಲ. ನಾನು ನೀರು ಹಾಕಿ ಆರಿಸಿ, ಅಜ್ಜಿ ಹತ್ತಿರ ಹೋಗಿ ಕೂತು ಬಂದೆ. ಈಗ ಆ ಎಲೆಯನ್ನೆಲ್ಲ ಹಿತ್ತಲಿನ ಒಂದು ಹಳೇ ಡ್ರಮ್ಮಿಗೆ ತುಂಬಿ ಗೊಬ್ಬರ ಮಾಡುತ್ತೇನೆ. ಆ ಮರದ ವಿಷಯವೂ ಬಂತು. ಕೊಂಬೆ ತಂತಿಗೆ ತಾಗುತ್ತಿತ್ತು, ನಮ್ಮವರು ಕೊಡಲಿ ತೆಗೆದರು. ಮಾಲೀಕರು ಓಡಿ ಬಂದರು. ನಗರದಲ್ಲಿ ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು, ನಮ್ಮ ಮನೆ ಮುಂದೆಯೇ ಇದ್ದರೂ ಬೇಕು. ತಂತಿಗೆ ತಾಗಿದರೆ ಕರೆಂಟು ಕಂಪನಿ ಬೆಸ್ಕಾಂನ 1912ಕ್ಕೆ ಫೋನು ಮಾಡಬೇಕು.

ನೀರಿನದು ಚಿಕ್ಕ ಮಾತು. ಈ ಊರಿಗೆ ನೀರು ತುಂಗಭದ್ರೆಯಿಂದ, ಭದ್ರಾ ನಾಲೆಯಿಂದ ಬರುತ್ತದೆ. ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಯಲ್ಲಿ ತುಂಬಿಸಿ ಕೊಡುತ್ತಾರೆ. ನಲ್ಲಿ ಪೈಪಿಗೆ ನೇರವಾಗಿ ಮೋಟಾರು ಹಾಕಿ ಎಳೆಯುವಂತಿಲ್ಲ. ಒಬ್ಬರು ಎಳೆದರೆ ಬೀದಿ ಕೊನೆಯ ಮನೆಗೆ ನೀರೇ ಹೋಗುವುದಿಲ್ಲ ಅಲ್ವಾ. ಮನೆ ನೋಡುವಾಗ ಸಂಪು ಇದೆಯಾ, ನೀರಿನ ಬಿಲ್ಲು ಬಾಕಿ ಇದೆಯಾ ನೋಡಿಕೊಳ್ಳಿ.

ಗಾಡಿ ವಿಷಯ. ನಮ್ಮ ಬೈಕು ಕೆಎ-16, ಚಿತ್ರದುರ್ಗದ್ದು. ಇಲ್ಲಿ ಕೆಎ-17. ರಾಜ್ಯದ ಒಳಗೆ ನಂಬರು ಬದಲಾಯಿಸಬೇಕಾಗಿಲ್ಲ, ಆದರೆ ವಿಳಾಸ ಬದಲಾದದ್ದನ್ನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು, ಕರ್ನಾಟಕದಲ್ಲಿ 2016ರಿಂದಲೇ ಇದೆ. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಬೇಕು. ವೋಟರ್ ಕಾರ್ಡಿನ ವಿಳಾಸ ಬದಲಾಯಿಸಲು ಫಾರಂ 8. ಹೊಸದಾಗಿ ಸೇರುವವರಿಗೆ ಮಾತ್ರ ಫಾರಂ 6.

ದೀಪಾವಳಿ ಕಳೆದ ಮೇಲೆ ನನಗೆ ಒಂದು ಆಸೆ ಬಂತು. ಅಮ್ಮನ ತವರು ಜಗಳೂರು ಕಡೆ. ಜೋಳದ ರೊಟ್ಟಿ ಬಡಿಯುವುದು ನನಗೆ ಅಮ್ಮನಿಂದ ಬಂದದ್ದು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಮಾಡಿ ಅಕ್ಕಪಕ್ಕ ಕೊಟ್ಟೆ. ಎಲ್ಲರೂ ಇನ್ನೂ ಕೇಳಿದರು. ಮನೆಯಿಂದಲೇ ಶುರು ಮಾಡಿ, ಆಮೇಲೆ ರಸ್ತೆ ಕಡೆ ಒಂದು ಪುಟ್ಟ ಮಳಿಗೆ ನೋಡಿದೆವು.

ತಿನ್ನುವ ಪದಾರ್ಥ ಮಾರುವುದು ಮನೆಯಲ್ಲಾದರೂ ಆಹಾರ ಸುರಕ್ಷತೆ ನೋಂದಣಿ ಮಾಡಿಸಬೇಕು. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವ್ಯಾಪಾರಕ್ಕೆ ನೋಂದಣಿ ಸಾಕಾಗಿತ್ತು, ಫೀಸು ವರ್ಷಕ್ಕೆ 100 ರೂಪಾಯಿ. ಮಧ್ಯವರ್ತಿಯೊಬ್ಬ ನನ್ನ ಹತ್ತಿರ 2,500 ಕೇಳಿದ್ದ. ಮಗಳೇ ಕೂತು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದಳು. ಆ ನೋಂದಣಿ ನಂಬರು ಪ್ಯಾಕೆಟ್ಟಿನ ಮೇಲೆ ಹಾಕುತ್ತೇವೆ. ಗಿರಾಕಿಗಳು ಅದನ್ನು ಓದುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ.

ಅಂಗಡಿ ಅಂದ ಮೇಲೆ ಪಾಲಿಕೆಯ ವ್ಯಾಪಾರ ಪರವಾನಗಿ, ಎಲ್ಲರ ಬಾಯಲ್ಲಿ ಟ್ರೇಡ್ ಲೈಸೆನ್ಸ್. ದಾವಣಗೆರೆ 2007ರಲ್ಲಿ ಮಹಾನಗರ ಪಾಲಿಕೆ ಆಗಿದೆ. ಹಾಗಾಗಿ ಇಲ್ಲಿಗೆ 1976ರ ಪಾಲಿಕೆ ಕಾಯ್ದೆ ಅನ್ವಯ ಆಗುತ್ತದೆ, ನಮ್ಮ ಗ್ರಾಮ ಪಂಚಾಯಿತಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಾನು ಮಳಿಗೆಗೆ ಅಡ್ವಾನ್ಸ್ ಕೊಟ್ಟು, ಬಣ್ಣ ಹೊಡೆಸಿ, ಆಮೇಲೆ ಅರ್ಜಿಗೆ ಓಡಾಡಿದೆ. ಕಟ್ಟಡದ ತೆರಿಗೆ ರಸೀದಿ ಬೇಕು ಅಂದರು. ಮಳಿಗೆ ಮಾಲೀಕರು ಎರಡು ವರ್ಷದಿಂದ ತೆರಿಗೆ ಕಟ್ಟಿರಲಿಲ್ಲ. ಏಪ್ರಿಲ್‌ನಲ್ಲಿ ಕಟ್ಟಿದರೆ 5 ಪರ್ಸೆಂಟ್ ರಿಯಾಯಿತಿ ಇರುತ್ತದೆ, ಗಡುವು ಮೀರಿದರೆ ತಿಂಗಳಿಗೆ 2 ಪರ್ಸೆಂಟ್ ದಂಡ ಬೆಳೆಯುತ್ತಾ ಹೋಗುತ್ತದೆ. ಅವರು ಅದನ್ನೆಲ್ಲ ಕಟ್ಟುವ ತನಕ ನನ್ನ ಅರ್ಜಿ ನಿಂತಿತು. ಬಾಡಿಗೆ ಮಾತ್ರ ಓಡುತ್ತಿತ್ತು. ಒಂದು ತಿಂಗಳು ಬಾಗಿಲು ಹಾಕಿದ ಅಂಗಡಿಗೆ ಬಾಡಿಗೆ ಕೊಟ್ಟು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮಳಿಗೆ ಹಿಡಿಯುವವರು ದಯವಿಟ್ಟು ಮೊದಲು ಆ ವರ್ಷದ ತೆರಿಗೆ ರಸೀದಿ ಕಣ್ಣಿಂದ ನೋಡಿ, ಫೋಟೋ ತೆಗೆದುಕೊಳ್ಳಿ.

ಬೋರ್ಡು ಬರೆಸುವಾಗಲೂ ಒಂದು ನಿಯಮ ಇದೆ. 2024ರ ತಿದ್ದುಪಡಿ ಪ್ರಕಾರ ಅಂಗಡಿ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ನನ್ನದು ಪೂರ್ತಿ ಕನ್ನಡವೇ. ನೋಡಲು ತುಂಬಾ ಚೆನ್ನಾಗಿದೆ.

ಕವರು ಇನ್ನೊಂದು ತಲೆನೋವು. ತೆಳು ಕವರು ಮಾತ್ರ ನಿಷೇಧ, ದಪ್ಪದ್ದು ನಡೆಯುತ್ತದೆ ಅಂತ ಕವರು ಮಾರುವವರು ಹೇಳಿದ್ದರು. ನಾನು ನಂಬಿ ಎರಡು ಕಟ್ಟು ತಂದೆ. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದ ಪ್ಲಾಸ್ಟಿಕ್ ಕೈಚೀಲ ದಪ್ಪ ಎಷ್ಟಿದ್ದರೂ ನಿಷೇಧ. ತಟ್ಟೆ, ಲೋಟ, ಚಮಚ, ಫ್ಲೆಕ್ಸು, ಊಟದ ಟೇಬಲ್ಲಿಗೆ ಹಾಸುವ ಪ್ಲಾಸ್ಟಿಕ್ ರೋಲು ಎಲ್ಲವೂ ಆ ಪಟ್ಟಿಯಲ್ಲಿವೆ. ಈಗ ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಬಟ್ಟೆ ಚೀಲದಲ್ಲಿ ಕೊಡುತ್ತೇನೆ. ಚೀಲಕ್ಕೆ 10 ರೂಪಾಯಿ, ವಾಪಸ್ ತಂದರೆ 10 ರೂಪಾಯಿ ಮರಳಿ. ನಾದಿನಿ ಮಗುವಿನ ನಾಮಕರಣಕ್ಕೆ ಟೇಬಲ್ಲಿನ ಮೇಲೆ ಪೇಪರ್ ರೋಲು ಹಾಸಿ ಬಾಳೆ ಎಲೆ ಹಾಕಿದೆವು. ಅವತ್ತು ಬೀದಿಗೆ ಶಾಮಿಯಾನ ಹಾಕಲು ಮೊದಲೇ ಅನುಮತಿ ತೆಗೆದುಕೊಂಡಿದ್ದೆವು, ರಾತ್ರಿ 10ಕ್ಕೆ ಮೈಕು ಬಂದ್ ಮಾಡಿದೆವು. 10ರಿಂದ ಬೆಳಿಗ್ಗೆ 6ರ ತನಕ ಮೈಕು ಹಾಕುವಂತಿಲ್ಲ. ಪಕ್ಕದ ಮನೆಯ ಅಜ್ಜಿ ಊಟಕ್ಕೂ ಬಂದಿದ್ದರು.

ಈಗ ನನ್ನ ತಮ್ಮ ಹದಡಿ ರಸ್ತೆ ಕಡೆ ಒಂದು ಸೈಟು ನೋಡಿದ್ದಾನೆ. ರೇಟು ಕಡಿಮೆ ಹೇಳುತ್ತಿದ್ದಾರೆ, ಬೇಗ ಮುಂಗಡ ಕೊಡಿ, ಬೇರೆಯವರು ಕಾಯುತ್ತಿದ್ದಾರೆ ಅನ್ನುತ್ತಾರೆ. ನಾವು ಮೂರು ಕಾಗದ ಕೇಳಿದ್ದೇವೆ. ಜಮೀನು ಅಲಿನೇಷನ್ ಆದ, ಅಂದರೆ ಕೃಷಿಯಿಂದ ಬೇರೆ ಬಳಕೆಗೆ ಬದಲಾದ ಆದೇಶ, ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ದೂಡಾ ಒಪ್ಪಿದ ಬಡಾವಣೆ ನಕ್ಷೆ, ಪಾಲಿಕೆಯ ಆಸ್ತಿ ದಾಖಲೆಯಾದ ಇ-ಖಾತೆ. ಬಿ-ಖಾತೆ, ಅಂದರೆ ಒಪ್ಪಿಗೆ ಇಲ್ಲದ ಆಸ್ತಿಗೂ ತೆರಿಗೆಗಾಗಿ ಕೊಡುವ ಖಾತೆ ಇದೆ, ಅದೇ ಸಾಕು ಅಂದರು. ಬಿ-ಖಾತೆ ಇದ್ದ ಮಾತ್ರಕ್ಕೆ ಬಡಾವಣೆಗೆ ಒಪ್ಪಿಗೆ ಇದೆ ಅಂತ ಅರ್ಥ ಅಲ್ಲ, ಮೂರನ್ನೂ ತನ್ನಿ ಅಂತ ತಮ್ಮ ಹೇಳಿ ಕಳಿಸಿದ. ಮೂರು ವಾರ ಆಯಿತು. ಅವರು ಇನ್ನೂ ತಂದಿಲ್ಲ. ಮುಂಗಡದ ದುಡ್ಡು ತಮ್ಮನ ಬ್ಯಾಂಕ್ ಖಾತೆಯಲ್ಲೇ ಇದೆ.